ಬೆಂಗಳೂರಿನಲ್ಲೇ ನಾಣ್ಯ ಸ್ವೀಕರಿಸುವ ಯಂತ್ರ ತಯಾರಿಸಿದರೆ ಮಾರುಕಟ್ಟೆ ಇದೆಯೇ?

ಇದೆ, ಆದರೆ ಯುಪಿಐ ಬಂದ ಮೇಲೆ ನಾಣ್ಯವನ್ನಷ್ಟೇ ನಂಬಬೇಡಿ. ನಮ್ಮ ಬಡಾವಣೆಗಳ ಶುದ್ಧ ನೀರಿನ ಘಟಕಗಳನ್ನೇ ನೋಡಿ: ಕ್ಯಾನ್ ಇಟ್ಟು ನಾಣ್ಯ ಹಾಕುವವರು ಈಗಲೂ ಇದ್ದಾರೆ.

ಕಷ್ಟವಿರುವುದು ನಾಣ್ಯ ಗುರುತಿಸುವುದರಲ್ಲಿ. 2011ರ ಸರಣಿಯ 2 ರೂಪಾಯಿ, 2019ರ ಸರಣಿಯ 5 ರೂಪಾಯಿ ಎರಡರ ವ್ಯಾಸವೂ 25 ಮಿ.ಮೀ.! ಅಳತೆಯೊಂದನ್ನೇ ನೋಡುವ ಯಂತ್ರ ಮೋಸಹೋಗುತ್ತದೆ. ಮೊದಲನೆಯದು ಸ್ಟೀಲು, ಎರಡನೆಯದು ನಿಕಲ್-ಹಿತ್ತಾಳೆ. ಕಾಯಿಲ್ ಸುತ್ತಿದ ಸೆನ್ಸರ್ ಲೋಹದ ವ್ಯತ್ಯಾಸ ಹಿಡಿಯುತ್ತದೆ. 10 ಮತ್ತು 20 ರೂಪಾಯಿಗೂ ಇದೇ ತಾಪತ್ರಯ, ಎರಡೂ 27 ಮಿ.ಮೀ.

ಶೀಟ್ ಮೆಟಲ್, ಅಚ್ಚು, ಸರ್ಕ್ಯೂಟ್ ಬೋರ್ಡ್ ಕೆಲಸವೆಲ್ಲ ಪೀಣ್ಯದಲ್ಲೇ ಆಗುತ್ತದೆ. ಆಮದು ಮಾಲಿನೆದುರು ಬೆಲೆಯಲ್ಲಿ ಗುದ್ದಾಡುವ ಬದಲು ನಮ್ಮ ಸವೆದ, ಜಿಡ್ಡು ಹಿಡಿದ ನಾಣ್ಯಗಳಿಗೆ ಹೊಂದಿಸಿದ ಸಾಫ್ಟ್‌ವೇರ್, ಜೊತೆಗೆ ಕ್ಯೂಆರ್ ಮತ್ತು ಬೇಗ ಸಿಗುವ ಬಿಡಿಭಾಗ ಕೊಡಿ.