ಕಾಚಂಪುಳಿ ಬಾಟ್ಲಿ ಕೆಳಗಿಡಿ ಸಾರ್

ವಿರಾಜಪೇಟೆ ಕಡೆಯ ಓದುಗರೊಬ್ರ ಪತ್ರ: "ನಮ್ಮಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ರು, ವಾಪಸ್ ಬರೋವಾಗ ಒಂದು ಜಪಾನಿ ಕತ್ತಿ ತಂದಿದ್ರು. ಅದರ ಕುಚ್ಚನ್ನ ಅವತ್ತಿಂದ ಯಾರೂ ಬದಲಿಸಿಲ್ಲ. ಪ್ರತಿ ವರ್ಷ ನಮ್ಮ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ, ಒಡಿಕತ್ತಿ ಜೊತೆ ಅದನ್ನೂ ಇಟ್ಟು ಅಲಗಿಗೆ ಗಂಧ ಹಚ್ಚಿ ಪೂಜೆ ಮಾಡ್ತೀವಿ, ಮಕ್ಕಳು ಫೋಟೋಗೆ ಅಂತ ಬೀಸಿದ ಮೇಲೆ ತೆಂಗಿನೆಣ್ಣೆ ಹಚ್ಚಿ ಒರೆಗೆ ಹಾಕ್ತೀವಿ. ಮೊನ್ನೆ ಹಿಡಿ ಬಿಚ್ಚಿ ನೋಡಿದ್ರೆ ಒಳಗೆಲ್ಲ ತುಕ್ಕು, ತುಕ್ಕಿನ ಕೆಳಗೆ ಏನೋ ಅಕ್ಷರ. ನಮ್ಮ ಕಡೆ ಅಡುಗೆಗೆ ಬಳಸೋ ಹುಳಿ ರಸ ಕಾಚಂಪುಳಿ ಹಾಕಿ ಸ್ಟೀಲ್ ನಾರಲ್ಲಿ ಉಜ್ಜಿದ್ರೆ ಅಕ್ಷರ ಕ್ಲಿಯರ್ ಆಗತ್ತೆ ಅಂತಾನೆ ನನ್ನ ತಮ್ಮ. ಇದು ಎಷ್ಟು ಹಳೇದು? ಬೆಲೆ ಎಷ್ಟಾಗ್ಬಹುದು? ಒಂದು ಕೋಟಿ ಅಂತ ಯಾರೋ ಹೇಳಿದಾರೆ. ಸಾಣೆ ಹಿಡಿಸ್ಬಹುದಾ? ಫೋಟೋ ಕಳಿಸಿದೀನಿ."

ಸಂಪಾದಕರ ಉತ್ತರ:

ಸಾರ್, ನಮಸ್ಕಾರ. ಮೊದಲು ನಿಮ್ಮ ತಮ್ಮನ ಕೈಯಿಂದ ಆ ಕಾಚಂಪುಳಿ ಬಾಟ್ಲಿ ಇಸ್ಕೊಂಡು ಅಡುಗೆಮನೇಲಿ ಇಟ್ಬನ್ನಿ, ಪಂದಿಕರಿಗೆ ಇರ್ಲಿ. ತಮಾಷೆ ಮಾಡ್ತಿಲ್ಲ, ಈ ಪತ್ರಕ್ಕೆ ಬೇರೆ ಎಲ್ಲಾ ಪತ್ರಗಳಿಗಿಂತ ಮುಂಚೆ ಉತ್ತರ ಬರೀತಿರೋದೇ ಅದಕ್ಕೆ.

ಹಿಡಿ ಒಳಗೆ ಕೂತಿರೋ ಆ ಬಾಲ ಇದೆಯಲ್ಲ, ಜಪಾನಿಯವರು ಅದನ್ನ ನಕಾಗೊ ಅಂತಾರೆ. ಕತ್ತಿ ಮಾಡೋ ಕಮ್ಮಾರ ಅದನ್ನ ಬೇಕಂತಲೇ ಪಾಲಿಶ್ ಮಾಡದೆ ಬಿಡ್ತಾನೆ, ಅರದಲ್ಲಿ ಒಂದಷ್ಟು ಗೆರೆ ಎಳೆದು, ಇಷ್ಟ ಇದ್ರೆ ಉಳಿಯಲ್ಲಿ ಹೆಸರು ಕೊರೆದು, ಅಷ್ಟಕ್ಕೇ ಕೈಬಿಡ್ತಾನೆ. ಆಮೇಲೆ ನೂರಾರು ವರ್ಷ ಅದರ ಮೇಲೆ ತುಕ್ಕು ನಿಧಾನಕ್ಕೆ ಕೂರತ್ತೆ. ಅಜ್ಜಿ ಕಾಲದ ದೋಸೆ ಕಾವಲಿ ನೋಡಿದೀರಲ್ಲ, ಆ ಕಪ್ಪು ಒಂದು ದಿನದಲ್ಲಿ ಬರೋದಲ್ಲ, ತಿಕ್ಕಿ ತೆಗೆದ್ರೆ ಮತ್ತೆ ಅಷ್ಟೇ ವರ್ಷ ಕಾಯ್ಬೇಕು. ಇದೂ ಹಾಗೇನೇ. ಕತ್ತಿ ಎಷ್ಟು ಹಳೇದು ಅಂತ ತಿಳಿದೋರನ್ನ ಕೇಳಿದ್ರೆ ಅವರು ಮೊದಲು ನೋಡೋದು ಆ ತುಕ್ಕಿನ ಬಣ್ಣವನ್ನ. 1940ರ ದಶಕದ್ದಾದ್ರೆ ಬೂದು ಬಣ್ಣದ ಮೇಲೆ ಅಲ್ಲಲ್ಲಿ ಕಂದು, ಅರದ ಗೆರೆಗಳು ನಿನ್ನೆ ಎಳೆದ ಹಾಗೆ ಚೂಪು. ನಾನೂರು ಐನೂರು ವರ್ಷದ್ದಾದ್ರೆ ಚಾಕೊಲೇಟ್ ಥರ ಗಾಢ ಕಪ್ಪು, ಗೆರೆಗಳು ಸವೆದು ಕಣ್ಣು ಕಿರಿದು ಮಾಡಿ ಹುಡುಕ್ಬೇಕು. ಅದನ್ನ ಉಜ್ಜಿ ಹೊಳಪು ತಂದ್ರೆ ಬೆಲೆ ಬೀಳೋದು ಒಂದು ಕಡೆ, ವಯಸ್ಸು ಹೇಳೋಕೆ ಇದ್ದ ಸಾಕ್ಷಿಯೇ ಹೋಯ್ತು.

ಅಕ್ಷರ ಓದ್ಬೇಕು ಅಷ್ಟೇ ತಾನೆ? ಸ್ಕೂಲಲ್ಲಿ ನಾಣ್ಯದ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ತಿದ್ವಲ್ಲ, ಅದೇ ಆಟ. ತೆಳ್ಳಗಿನ ಪೇಪರ್ ನಕಾಗೊ ಮೇಲೆ ಹಾಸಿ, ಅಲ್ಲಾಡದ ಹಾಗೆ ಹಿಡ್ಕೊಂಡು, ಮೆದು ಪೆನ್ಸಿಲನ್ನ ಮಲಗಿಸಿ ಉಜ್ಜಿ. ಕೊರೆದ ಜಾಗ ಬೆಳ್ಳಗೆ ಉಳಿಯತ್ತೆ. ಜಪಾನಲ್ಲಿ ಪಂಡಿತರು ಮಾಡೋದೂ ಇದನ್ನೇ, ಒಶಿಗಾತ ಅಂತಾರೆ, ಪೆನ್ಸಿಲ್ ಬದಲು ಒಂದು ಥರ ಮಸಿಕಡ್ಡಿ ಬಳಸ್ತಾರೆ. ಎರಡೂ ಬದಿ ತೆಗೀರಿ, ಯಾಕಂದ್ರೆ ಒಂದು ಬದೀಲಿ ಊರು ಹೆಸರು ಇದ್ರೆ ಇನ್ನೊಂದು ಬದೀಲಿ ತಾರೀಕು ಇರೋ ಚಾನ್ಸ್ ಇದೆ. ತಾರೀಕನ್ನ ಅವರ ಚಕ್ರವರ್ತಿ ಕಾಲದ ಲೆಕ್ಕದಲ್ಲಿ ಹಾಕ್ತಾರೆ. ಶೋವಾ ಅಂತಿದ್ರೆ ಆ ಸಂಖ್ಯೆಗೆ 1925 ಕೂಡಿಸಿ, ಶೋವಾ 18 ಅಂದ್ರೆ 1943. ತಿಂಗಳು ಎರಡು ಅಥವಾ ಎಂಟು ಅಂತಿದ್ರೆ ಅದನ್ನ ನಂಬಿ ಜಾತಕ ಬರೀಬೇಡಿ, ಯಾವ ತಿಂಗಳಲ್ಲಿ ಮಾಡಿದ್ರೂ ಈ ಎರಡರಲ್ಲೊಂದು ಕೊರೆಯೋದು ಅಲ್ಲಿ ಹಳೇ ರೂಢಿ.

ಈಗ ನೀವು ಕಳಿಸಿದ ಫೋಟೋ ವಿಷಯ. ಖಾಕಿ ಬಣ್ಣದ ತಗಡಿನ ಒರೆ, ಹಿಡಿಗೆ ಸುತ್ತಿದ ಕಂದು ಪಟ್ಟಿ, ಅದರ ಕೆಳಗಿಂದ ಇಣುಕ್ತಿರೋ ಮೂರು ಚೆರ್ರಿ ಹೂವು. ಇದು ಶಿನ್ ಗುಂತೊ, 1934ರಿಂದ ಜಪಾನಿ ಸೇನೆಯ ಅಧಿಕಾರಿಗಳು ಕಟ್ಕೊಳ್ತಿದ್ದ ಮಾದರಿ. ಹಿಡಿಯಿಂದ ನೇತಾಡ್ತಿರೋ ಕುಚ್ಚು ನೋಡಿ ನನಗೆ ಖುಷಿ ಆಯ್ತು, ಹೊರಗೆ ಕಂದು ಒಳಗೆ ನೀಲಿ. ಅದು ಲೆಫ್ಟಿನೆಂಟ್, ಕ್ಯಾಪ್ಟನ್ ದರ್ಜೆಯವರದ್ದು. ಮೇಜರ್‌ನಿಂದ ಕರ್ನಲ್ ತನಕ ಕಂದು ಕೆಂಪು. ಕುಚ್ಚು ಒಂದು ಕತ್ತಿಯಿಂದ ಇನ್ನೊಂದಕ್ಕೆ ಹೋಗೋದು ಸಾಮಾನ್ಯ, ಆದ್ರೂ ನಿಮ್ಮಜ್ಜನ ಕೈಗೆ ಬಂದಾಗಿಂದ ಯಾರೂ ಬದಲಿಸಿಲ್ಲ ಅಂತ ನೀವು ಹೇಳೋದ್ರಿಂದ ನಂಬೋಣ.

ನಿಮ್ಮಜ್ಜನಿಗೆ ಅದು ಹೇಗೆ ಸಿಕ್ತು ಅಂತ ಬರೆದಿಲ್ಲ ನೀವು. 1945ರಲ್ಲಿ ಜಪಾನ್ ಸೋತ ಮೇಲೆ, ಅಧಿಕಾರಿಗಳು ತಂತಮ್ಮ ಕತ್ತಿಯನ್ನ ಎದುರಿಗೆ ಬಂದು ಒಪ್ಪಿಸಲೇಬೇಕು ಅಂತ ಆಗ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮುಖ್ಯಸ್ಥರಾಗಿದ್ದ ಮೌಂಟ್‌ಬ್ಯಾಟನ್ ಪಟ್ಟು ಹಿಡಿದಿದ್ರು, ಹಾಗಾಗಿ ಬರ್ಮಾ, ಮಲಯದಲ್ಲಿ ರಾಶಿ ರಾಶಿ ಕತ್ತಿ ಬಿತ್ತು. ಆ ಸೆಪ್ಟೆಂಬರ್ 12ರ ಸಿಂಗಾಪುರದ ಶರಣಾಗತಿ ಸಮಾರಂಭದಲ್ಲಿ ಭಾರತದ ಪರವಾಗಿ ಕೂತಿದ್ದವರು ನಿಮ್ಮ ಕೊಡಗಿನವರೇ, ಆಗ ಬ್ರಿಗೇಡಿಯರ್ ಆಗಿದ್ದ ತಿಮ್ಮಯ್ಯನವರು, ನಿಮಗೆ ನಾನು ಹೇಳ್ಬೇಕಾ. ನನ್ನ ರಿಕ್ವೆಸ್ಟ್ ಇಷ್ಟೇ: ಅಜ್ಜನ ಟ್ರಂಕು, ಹಳೇ ಕಾಗದ ಎಲ್ಲ ಒಂದ್ಸಲ ಜಾಲಾಡಿ. ಕೆಲವು ಅಧಿಕಾರಿಗಳು ತಮ್ಮ ಹೆಸರು ವಿಳಾಸ ಬರೆದ ಮರದ ಚೂರನ್ನೋ ಬಟ್ಟೆ ಚೂರನ್ನೋ ಕತ್ತಿಗೆ ಕಟ್ಟಿ ಕೊಡ್ತಿದ್ರು, ಯಾವತ್ತಾದ್ರೂ ವಾಪಸ್ ಬರ್ಬಹುದು ಅನ್ನೋ ಆಸೆ. ಮಸುಕಾದ ಜಪಾನಿ ಬರಹದ ಒಂದು ಚೂರು ಸಿಕ್ಕಿದ್ರೆ ದಯವಿಟ್ಟು ಕಸ ಅಂತ ಎಸೀಬೇಡಿ.

ಆದ್ರೆ ಹೊರಗಿನ ಡ್ರೆಸ್ ಮಿಲಿಟರಿದು ಅಂದ ಮಾತ್ರಕ್ಕೆ ಒಳಗಿನ ಅಲಗೂ ಅದೇ ಕಾಲದ್ದು ಅಂತ ಅಲ್ಲ, ಮಜಾ ಇರೋದೇ ಇಲ್ಲಿ. ಯುದ್ಧಕಾಲದ ಬಹುಪಾಲು ಕತ್ತಿಗಳು ಕಾರ್ಖಾನೆ ಉಕ್ಕಿನವು, ಎಣ್ಣೆಯಲ್ಲಿ ಹದ ಹಾಕಿದವು, ಸೆಕಿ ಅನ್ನೋ ಊರಿಂದ ಲೆಕ್ಕವಿಲ್ಲದಷ್ಟು ಬಂದವು, ಅಂಥವಕ್ಕೆ ನಕಾಗೊ ಮೇಲೆ ಪುಟ್ಟ ಮುದ್ರೆ ಒತ್ತಿರ್ತಾರೆ. ಮುದ್ರೆ ನಕ್ಷತ್ರದ್ದಾದ್ರೆ ಅದು ಸೇನೆ ಒಪ್ಪಿದ ಕಮ್ಮಾರ ಹಳೇ ಕ್ರಮದಲ್ಲೇ ಬಡಿದಿದ್ದು, ಬೇರೆ ದರ್ಜೆ. ಇನ್ನು ಕೆಲವರು ಮನೆತನದಲ್ಲಿದ್ದ ಮುನ್ನೂರು ನಾನೂರು ವರ್ಷದ ಅಲಗಿಗೆ ಮಿಲಿಟರಿ ಹಿಡಿ, ಒರೆ ಹಾಕಿಸ್ಕೊಂಡು ಯುದ್ಧಕ್ಕೆ ಹೋಗಿದ್ರು. 1876ರಲ್ಲಿ ಸರ್ಕಾರ ಸಮುರಾಯ್‌ಗಳು ಕತ್ತಿ ಕಟ್ಕೊಂಡು ಓಡಾಡೋದನ್ನೇ ನಿಷೇಧಿಸಿತ್ತು, ಆಗ ಮೂಲೆ ಸೇರಿದ್ದ ಎಷ್ಟೋ ಅಲಗುಗಳು ಹೀಗೆ ಮತ್ತೆ ಹೊರಗೆ ಬಂದವು. ನಕಾಗೊದಲ್ಲಿ ಎರಡು ಮೂರು ತೂತಿದ್ರೆ ಸ್ವಲ್ಪ ಎದ್ದು ಕೂತ್ಕೊಳಿ, ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಹಿಡಿ ಕಂಡಿದೆ, ಅಥವಾ ಉದ್ದ ಕತ್ತಿಯನ್ನ ಬುಡದ ಕಡೆಯಿಂದ ಕತ್ತರಿಸಿ ಚಿಕ್ಕದು ಮಾಡಿದಾರೆ. ಹಾಗೆ ಕತ್ತರಿಸೋವಾಗ ಹೆಸರೂ ಹೋಗಿರತ್ತೆ, ಹೆಸರಿಲ್ಲ ಅಂದ ತಕ್ಷಣ ಬೇಜಾರಾಗ್ಬೇಡಿ. ದೊಡ್ಡ ಹೆಸರು ಇದೆ ಅಂದ ತಕ್ಷಣ ಕುಣೀಲೂಬೇಡಿ, ದೊಡ್ಡವರ ಹೆಸರನ್ನ ಸುಳ್ಳು ಕೊರೆಯೋ ದಂಧೆ ಅಲ್ಲಿ ಶತಮಾನಗಳಿಂದ ಇದೆ, ಅದಕ್ಕೆ ಗಿಮೆಯ್ ಅಂತ ಹೆಸರೇ ಇದೆ.

ಅಲಗನ್ನ ನೋಡೋದು ಹೇಗೆ ಅಂದ್ರೆ, ಕತ್ತಲೆ ಕೋಣೇಲಿ ಒಂದೇ ಬಲ್ಬ್ ಹಾಕಿ, ತುದಿಯನ್ನ ಬಲ್ಬಿನ ಕಡೆ ಮಾಡಿ ನಿಧಾನ ಓರೆ ಮಾಡ್ತಾ ಹೋಗಿ. ಅಲಗಿನ ಬಾಯಿ, ಅಂದ್ರೆ ಹರಿತದ ಅಂಚಿನ ಉದ್ದಕ್ಕೂ ಅಲೆ ಥರ ಒಂದು ಬಿಳಿ ಗೆರೆ ಎದ್ದು ಬರತ್ತೆ, ಹಾಮೊನ್. ಹದ ಹಾಕೋ ಮುಂಚೆ ಬೆನ್ನಿಗೆ ದಪ್ಪ, ಬಾಯಿಗೆ ತೆಳು ಮಣ್ಣು ಮೆತ್ತಿ ಕಾಯಿಸಿ ನೀರಿಗೆ ಅದ್ದೋದ್ರಿಂದ ಬಾಯಿ ಬೇಗ ತಣಿದು ಗಟ್ಟಿ ಆಗತ್ತೆ, ಬೆನ್ನು ನಿಧಾನ ತಣಿದು ಮೆತ್ತಗೆ ಉಳಿಯತ್ತೆ, ಆ ಎರಡರ ಗಡಿಯೇ ಈ ಗೆರೆ. ಒಳ್ಳೇ ಅಲಗಲ್ಲಿ ಆ ಗಡಿ ಬೆಳಗಿನ ಮಂಜಿನ ಥರ ಇರತ್ತೆ, ಒಳಗೆ ಸಣ್ಣ ಸಣ್ಣ ಹೊಳೆಯೋ ಕಣ. ಇದು ಒಂದ್ಸಲ ಕಂಡ್ರೆ ಹುಚ್ಚು ಹಿಡಿಯತ್ತೆ ಅಂತ ಎಚ್ಚರಿಕೆ ಕೊಡ್ತೀನಿ.

ಸಾಣೆ ವಿಷಯಕ್ಕೆ ನೇರ ಉತ್ತರ: ಬೇಡ. ಬೆಂಗಳೂರಲ್ಲಿ ನನಗೆ ಪರಿಚಯದವರೊಬ್ರ ಮನೇಲಿ ಇಂಥದ್ದೇ ಒಂದು ಗಿಡ್ಡ ಕತ್ತಿ ಇತ್ತು, ಗೃಹಪ್ರವೇಶಕ್ಕೆ ಶೋಕೇಸಲ್ಲಿ ಇಡೋಣ ಅಂತ ಪಾತ್ರೆ ಪಾಲಿಶ್ ಮಾಡೋ ಅಂಗಡಿಗೆ ಕೊಟ್ಟು ಚಕ್ರಕ್ಕೆ ಹಿಡಿಸಿದ್ರು. ಹೆಮ್ಮೆಯಿಂದ ತಂದು ತೋರಿಸಿದ್ರು. ಸ್ಟೀಲ್ ಲೋಟದ ಥರ ಫಳಫಳ. ಹಾಮೊನ್ ಇಲ್ಲ, ಅಲಗಿನ ಮಧ್ಯೆ ಚೂಪಾಗಿ ಓಡ್ಬೇಕಾದ ಏಣು ಬಾಳೆಹಣ್ಣಿನ ಥರ ದುಂಡಗಾಗಿತ್ತು, ನಕಾಗೊ ಕೂಡ ಮಿಂಚ್ತಿತ್ತು. ಕಾಫಿ ಕುಡಿದು, ಚೆನ್ನಾಗಿದೆ ಅಂದು ಬಂದೆ, ಇನ್ನೇನ್ ಹೇಳ್ಲಿ. ಜಪಾನಲ್ಲಿ ಈ ಕೆಲಸಕ್ಕೇ ಅಂತ ತೊಗಿಶಿ ಅನ್ನೋ ಕಸುಬಿನವರಿದ್ದಾರೆ, ಒಂದಾದ ಮೇಲೊಂದು ನಯವಾದ ಕಲ್ಲು ಬದಲಿಸ್ತಾ ವಾರಗಟ್ಟಲೆ ಕೈಯಲ್ಲೇ ಉಜ್ತಾರೆ. ಅವರು ಮಾಡಿದ್ರೂ ಪ್ರತಿ ಸಲ ಸ್ವಲ್ಪ ಉಕ್ಕು ಹೋಗೇ ಹೋಗತ್ತೆ, ಹೋಗಿದ್ದು ಮತ್ತೆ ಬರಲ್ಲ.

ಮನೇಲಿ ನೀವು ಮಾಡ್ಬೇಕಾದ್ದು ಕಮ್ಮಿ. ತೆಂಗಿನೆಣ್ಣೆ ನಿಲ್ಸಿ, ಅದು ಅಂಟಾಗಿ ಧೂಳು ಹಿಡಿಯತ್ತೆ. ಈಗಿರೋ ಅಂಟನ್ನ ಮೆಡಿಕಲ್ ಶಾಪಲ್ಲಿ ಸಿಗೋ ಐಸೊಪ್ರೊಪೈಲ್ ಆಲ್ಕೋಹಾಲ್ ಮೆತ್ತಗಿನ ಹತ್ತಿ ಬಟ್ಟೆಗೆ ಹಾಕಿ, ಬೆನ್ನಿನ ಕಡೆಯಿಂದ ಹಿಡಿದು ಒರೆಸಿ, ಒಣಗಿದ ಮೇಲೆ ಹೊಲಿಗೆ ಮೆಷಿನ್ ಎಣ್ಣೆ ಇದೆಯೋ ಇಲ್ವೋ ಅನ್ನೋಷ್ಟು ತೆಳ್ಳಗೆ ಸವರಿ. ಅಲಗನ್ನ ಬರಿಗೈಲಿ ಮುಟ್ಬೇಡಿ, ಬೆರಳಚ್ಚು ಬಿದ್ದ ಜಾಗದಲ್ಲೇ ತುಕ್ಕು ಹುಟ್ಟತ್ತೆ. ನಿಮ್ಮ ಮಳೆಗಾಲದಲ್ಲಂತೂ ತಿಂಗಳಿಗೊಮ್ಮೆ ತೆಗೆದು ನೋಡಿ. ಗೋಡೆಗೆ ನೇತು ಹಾಕ್ಬೇಡಿ, ಅಡ್ಡ ಮಲಗ್ಸಿ, ಬಾಯಿ ಮೇಲಕ್ಕೆ.

ಬೆಲೆ. ಒಂದು ಕೋಟಿ ಅಂತ ಯಾರೋ ಹೇಳಿದಾರೆ ಅಂತ ಬರೆದಿದ್ದೀರಿ, ಹೇಳಿದವರೇ ಕೊಡ್ತಾರಾ ಕೇಳಿ ನೋಡಿ. ಕಾರ್ಖಾನೆ ಅಲಗಾದ್ರೆ ಅದರ ನಿಜವಾದ ಬೆಲೆ ನಿಮ್ಮಜ್ಜನ ಕಥೆ. ಹಳೇ ಅಲಗಾಗಿದ್ರೆ ಖಚಿತ ಮಾಡೋರು ಟೋಕಿಯೋದಲ್ಲಿ 1948ರಲ್ಲಿ ಶುರುವಾದ ಕತ್ತಿ ಸಂರಕ್ಷಣಾ ಸಂಘದವರು, ಅವರ ಪತ್ರಕ್ಕೆ ಲೋಕದಲ್ಲೆಲ್ಲ ಮರ್ಯಾದೆ. ಆದ್ರೆ ಕೊರಿಯರ್ ಮಾಡಿ ಕಳಿಸ್ಬಿಡೋಣ ಅನ್ಕೋಬೇಡಿ. 100 ವರ್ಷ ದಾಟಿದ ವಸ್ತುವನ್ನ ದೇಶದಿಂದ ಹೊರಗೆ ಕಳಿಸೋಕೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರತ್ತೆ, ಪುರಾತತ್ವ ಇಲಾಖೆಯನ್ನ ಕೇಳದೆ ಹೆಜ್ಜೆ ಇಡ್ಬೇಡಿ. ಅತ್ತ ಜಪಾನಲ್ಲಿ ಹಳೇ ಕ್ರಮದಲ್ಲಿ ಮಾಡಿದ ಕತ್ತಿಗೆ ಮಾತ್ರ ನೋಂದಣಿ, ಕಾರ್ಖಾನೆ ಅಲಗು ಆ ದೇಶದ ಒಳಗೇ ಹೋಗೋ ಹಾಗಿಲ್ಲ. ಕೋವಿಗೆ ಲೈಸೆನ್ಸ್ ಬೇಡ ಅಂತ ನಿಮಗಿರೋ ವಿನಾಯ್ತಿ ನಂಬ್ಕೊಂಡು ಕತ್ತಿ ವಿಷಯ ಬಿಡ್ಬೇಡಿ, ಸ್ಟೇಷನ್ನಲ್ಲಿ ಒಂದು ಮಾತು ಕೇಳಿಡಿ.

ಬೆಲೆ ಅಂದಾಗ ನನಗೆ ನೆನಪಾಗೋದು ಕಾಂಪ್ಟನ್ ಅನ್ನೋ ಅಮೆರಿಕದ ಸಂಗ್ರಾಹಕ. ಅವರ ಕೈಗೆ ಬಂದ ಕುನಿಮುನೆ ಅನ್ನೋ ಹಳೇ ಕಮ್ಮಾರನ ಒಂದು ಅಲಗು, ಯುದ್ಧದ ನಂತರದ ಗೊಂದಲದಲ್ಲಿ ಕಾಗೋಶಿಮಾದ ತೆರುಕುನಿ ದೇಗುಲದಿಂದ ಕಾಣೆಯಾಗಿದ್ದ ರಾಷ್ಟ್ರೀಯ ನಿಧಿ ಅಂತ ಗೊತ್ತಾಯ್ತು. 1963ರಲ್ಲಿ ಒಂದು ಪೈಸೆ ತಗೊಳ್ದೆ ವಾಪಸ್ ಕೊಟ್ರು. ಅದೇ ಗೊಂದಲದಲ್ಲಿ, ಹಿಂದೆ ಜಪಾನ್ ಆಳಿದ್ದ ತೊಕುಗಾವಾ ಮನೆತನ ಟೋಕಿಯೋದ ಪೊಲೀಸ್ ಸ್ಟೇಷನ್‌ಗೆ ಒಪ್ಪಿಸಿದ ಹೊಂಜೊ ಮಾಸಾಮುನೆ ಅನ್ನೋ ಹೆಸರಾಂತ ಕತ್ತಿ ಇವತ್ತಿನ ತನಕ ಸಿಕ್ಕಿಲ್ಲ. ನಿಮ್ಮ ಅಟ್ಟದಲ್ಲಿರೋದು ಅದಲ್ಲ ಸಾರ್, ಕೇಳೋ ಮುಂಚೆ ಹೇಳ್ಬಿಡ್ತೀನಿ.

ಕೊನೇದಾಗಿ ಕೈಲ್‌ಪೊಳ್ದ್. ಪೂಜೆ ನಿಲ್ಲಿಸಿ ಅಂತ ಹೇಳೋಕೆ ನಾನ್ಯಾರು. ಗಂಧ, ತೋಕ್ ಪೂ (ಕೋವಿ ಹೂ) ಎಲ್ಲ ಒರೆಯ ಮೇಲಿರ್ಲಿ, ಅಲಗು ಒರೆಯ ಒಳಗಿರ್ಲಿ, ಒದ್ದೆ ಗಂಧ ಅಲಗಿಗೆ ಆಗಲ್ಲ. ಮಕ್ಕಳು ಫೋಟೋಗೆ ಅಂತ ಬೀಸೋದು ಮಾತ್ರ ಈ ಸಲದಿಂದ ಬಂದ್. ಆ ಇಡೀ ಕತ್ತಿಯನ್ನ ಹಿಡಿಗೆ ಕಚ್ಚಿ ನಿಲ್ಸಿರೋದು ನೀವು ಬಿಚ್ಚೋವಾಗ ತೆಗೆದ ಆ ಪುಟ್ಟ ಬಿದಿರಿನ ಗೂಟ, ಎಂಬತ್ತು ವರ್ಷಕ್ಕೆ ಅದು ಒಣಗಿ ಸೊರಗಿರತ್ತೆ, ಬೀಸಿದ ರಭಸಕ್ಕೆ ಮುರಿದ್ರೆ ಹಿಡಿ ಕೈಯಲ್ಲಿ, ಅಲಗು ಎಲ್ಲೋ. ಹಳೇ ಗೂಟವನ್ನ ಒಂದು ಕವರಲ್ಲಿ ಹಾಕಿಡಿ, ಚೆನ್ನಾಗಿ ಬಲಿತ ಒಣ ಬಿದಿರಲ್ಲಿ ಅದೇ ಅಳತೆಗೆ ಹೊಸದು ಕೆತ್ತಿಸಿ, ಒಂದು ತುದಿ ಚೂರು ಸಣ್ಣ ಇರ್ಬೇಕು, ಬಿಗಿಯಾಗಿ ಕೂರ್ಬೇಕು. ಪೆನ್ಸಿಲ್ ಉಜ್ಜಿದ ಪೇಪರನ್ನ ಮಡಚದೆ ರಟ್ಟಿನ ಮಧ್ಯೆ ಇಟ್ಟು ಪೋಸ್ಟ್ ಮಾಡಿ, ಅಕ್ಷರ ಏನಂತ ನೋಡಿ ಮುಂದಿನ ಸಂಚಿಕೇಲಿ ಬರೀತೀನಿ.