ನಾಲ್ಕು ಪುಟಕ್ಕೆ 23 ತಲೆಕೆಳಗು ವಾಕ್ಯ

ನಮಸ್ಕಾರ,

ನೀವು ಕಳಿಸಿದ ಇಂಗ್ಲಿಷ್ ಕಥೆಯನ್ನು ಎರಡು ಸಲ ಓದಿದೆ. ಈ ಸಲ ಪ್ರಕಟಣೆಗೆ ತೆಗೆದುಕೊಳ್ಳುತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಕೆಟ್ಟದಾಗಿದೆ ಅಂತಲ್ಲ. ಎಷ್ಟೋ ವರ್ಷದ ಮೇಲೆ ಒಬ್ಬ ರಾತ್ರಿ ಮನೆಗೆ ವಾಪಸ್ ಬರುತ್ತಾನೆ, ಬಾಗಿಲು ತೆರೆದೇ ಇದೆ, ಒಳಗೆ ಯಾರೋ ಇದ್ದಾರೆ. ಚೆನ್ನಾಗಿದೆ. ಕೆಡಿಸಿರುವುದು ವಾಕ್ಯಗಳು. 'ಒತ್ತು ಸಿಗಲಿ ಅಂತ ಅಲ್ಲಲ್ಲಿ ಇನ್‌ವರ್ಷನ್ ಮಾಡಿದ್ದೇನೆ' ಅಂತ ಪತ್ರದಲ್ಲಿ ಬರೆದಿದ್ದೀರಿ, ಅಂದರೆ ಕ್ರಿಯಾಪದವನ್ನೋ ಅದರ ಜೊತೆಗಿನ ಡಿಡ್, ಹ್ಯಾಡ್‌ಗಳನ್ನೋ ಕರ್ತೃವಿಗಿಂತ ಮೊದಲು ತಂದಿದ್ದೀರಿ. ಅಲ್ಲಲ್ಲಿ ಅಲ್ಲ ಮಾರಾಯ್ರೇ, ಪೆನ್ಸಿಲ್ ಹಿಡಿದು ಎಣಿಸಿದೆ. ನಾಲ್ಕು ಪುಟಕ್ಕೆ 23!

ಮೊದಲ ಸಾಲು 'ನೆವರ್ ಹ್ಯಾಡ್ ಹಿ ಸೀನ್ ಸಚ್ ಡಾರ್ಕ್‌ನೆಸ್'. ಸರಿ, ಒಪ್ಪಿದೆ. ಅದರ ಬೆನ್ನಿಗೇ 'ರೇರ್ಲಿ ಡಿಡ್ ಹಿ ಫೀಲ್ ಅಫ್ರೇಡ್', ಆಮೇಲೆ 'ಸೋ ಕೋಲ್ಡ್ ವಾಸ್ ದ ವಿಂಡ್'. ಮೂರನೆಯದಕ್ಕೆ ಬರುವಷ್ಟರಲ್ಲಿ ಕತ್ತಲೂ ಹೋಯಿತು, ಗಾಳಿಯೂ ಹೋಯಿತು, ಕಷ್ಟಪಟ್ಟು ಬರೆಯುತ್ತಾ ಕೂತಿರುವ ನೀವು ಮಾತ್ರ ಕಾಣುತ್ತಿದ್ದೀರಿ. ಇಂಗ್ಲಿಷ್ ಓದುವವರ ಕಿವಿ ಮೊದಲು ಕರ್ತೃ, ಆಮೇಲೆ ಕ್ರಿಯಾಪದ ಅನ್ನುವ ಸಾಲಿಗೆ ಒಗ್ಗಿಹೋಗಿದೆ. ಆ ಸಾಲು ಒಮ್ಮೆ ತಪ್ಪಿದರೆ ಕಿವಿ ನೆಟ್ಟಗಾಗುತ್ತದೆ. ದಿನವಿಡೀ ತಪ್ಪುತ್ತಿದ್ದರೆ ಯಾರು ತಲೆ ಎತ್ತಿ ನೋಡ್ತಾರೆ?

ನಮಗೆ ಇದು ಯಾಕೆ ಸುಲಭ ಅನ್ನಿಸುತ್ತದೆ ಅಂದರೆ, ಕನ್ನಡದಲ್ಲಿ ಪದಗಳು ಜಾಗ ಬದಲಿಸಿದರೂ ಅರ್ಥ ಕೆಡುವುದಿಲ್ಲ. 'ಹುಡುಗ ನಾಯಿಯನ್ನು ಕಂಡ', 'ನಾಯಿಯನ್ನು ಹುಡುಗ ಕಂಡ', ಯಾರು ಯಾರನ್ನು ಕಂಡರು ಅಂತ ವಿಭಕ್ತಿಯೇ ಹೇಳುತ್ತದೆ. ಒತ್ತು ಬೇಕಾದರೆ ಒಂದು ಏ ಸೇರಿಸಿದರೆ ಮುಗಿಯಿತು: 'ನಾನು ನೋಡೇ ಇಲ್ಲ'. ಇಂಗ್ಲಿಷಿನಲ್ಲಿ ವಿಭಕ್ತಿಯ ಆ ಕೆಲಸವನ್ನು ಪದದ ಜಾಗವೇ ಮಾಡಬೇಕು. ಹುಡುಗನನ್ನೂ ನಾಯಿಯನ್ನೂ ಅದಲುಬದಲು ಮಾಡಿದರೆ ಕಥೆಯೇ ಬದಲಾಗುತ್ತದೆ. ಹಾಗಾಗಿ ಸಾಲು ತಿರುಗಿಸಲು ಆ ಭಾಷೆ ಬಿಟ್ಟುಕೊಡುವ ಸಂದರ್ಭಗಳು ಕೆಲವೇ. ಅವೂ ಹಳೇ ಕಾಲದ ಉಳಿಕೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಬೇರೆ ಏನಾದರೂ ಮೊದಲಿಗೆ ಬಂದರೆ ಕ್ರಿಯಾಪದ ಎರಡನೇ ಜಾಗಕ್ಕೆ ಬರುವುದು ಸಾಮಾನ್ಯವಾಗಿತ್ತು. ಈಗ ಬಳಸಿದರೆ ಸ್ವಲ್ಪ ಹಳೇ ವಾಸನೆ ಬರುವುದು ಅದಕ್ಕೇ.

ಇನ್ನು ತಪ್ಪುಗಳು. 'ಓನ್ಲಿ ಆಫ್ಟರ್ ಶಿ ಲೆಫ್ಟ್ ಹಿ ಅಂಡರ್‌ಸ್ಟುಡ್' ಅಂತ ಬರೆದಿದ್ದೀರಿ. ಅಲ್ಲಿ 'ಡಿಡ್ ಹಿ ಅಂಡರ್‌ಸ್ಟ್ಯಾಂಡ್' ಆಗಬೇಕು. ಮುಂದಿನ ಪುಟದಲ್ಲಿ ಅದೇ ಡಿಡ್ ಅನ್ನು ಆಫ್ಟರ್ ಪಕ್ಕಕ್ಕೆ ತುರುಕಿದ್ದೀರಿ. ತಿರುಗಬೇಕಾದ್ದು ಮುಖ್ಯ ವಾಕ್ಯ, ಆಫ್ಟರ್ ಇರುವ ತುಂಡು ಅಲ್ಲ. 'ಅಟ್ ನೋ ಟೈಮ್' ಅಂದರೆ ಯಾವತ್ತೂ ಇಲ್ಲ ಅಂತ, ಅದು ವಾಕ್ಯದ ಮೊದಲಿಗೆ ಬಂದರೆ ತಿರುವು ಬೇಕು. 'ಇನ್ ನೋ ಟೈಮ್' ಅಂದರೆ ಥಟ್ಟನೆ ಅಂತ, ಅದರಲ್ಲಿ ನೋ ಇದ್ದರೂ ವಾಕ್ಯದಲ್ಲಿ 'ಇಲ್ಲ' ಎಲ್ಲಿದೆ? ಅಲ್ಲಿ ಸಾಲು ನೆಟ್ಟಗೇ ಇರಲಿ. 'ನೋ ಸೂನರ್' ಬಂದರೆ ಜೊತೆಗೆ ದ್ಯಾನ್, 'ಹಾರ್ಡ್ಲಿ' ಬಂದರೆ ವೆನ್. ನೀವು ಎರಡಕ್ಕೂ ವೆನ್ ಹಾಕಿದ್ದೀರಿ. 'ಹಿ ಆಸ್ಕ್ಡ್ ವೇರ್ ವಾಸ್ ಶಿ' ಇದೆಯಲ್ಲ, ಅದು ಒತ್ತೂ ಅಲ್ಲ ಏನೂ ಅಲ್ಲ, ಸುಮ್ನೆ ತಪ್ಪು, 'ವೇರ್ ಶಿ ವಾಸ್' ಆಗಬೇಕು.

ಈಗ ನನಗೆ ನಿಜವಾಗಿ ಇಷ್ಟವಾದ ಜಾಗ. ಎರಡನೇ ಪುಟದ ಕೊನೆಯಲ್ಲಿ 'ಬಿಹೈಂಡ್ ದ ಡೋರ್ ಸ್ಟುಡ್ ಎ ಚೈಲ್ಡ್' ಅಂತ ಒಂದು ಸಾಲಿದೆ. ಇಡೀ ಕಥೆಯಲ್ಲಿ ಒಳ್ಳೆಯ ಸಾಲು ಅದೇ, ಬಹುಶಃ ನಿಮಗೇ ಗೊತ್ತಿಲ್ಲ. ಬಾಗಿಲನ್ನು ನಾವು ಆಗಲೇ ನೋಡಿದ್ದೇವೆ, ಅದರಿಂದ ವಾಕ್ಯ ಶುರುವಾಗುತ್ತದೆ, ಕಣ್ಣು ನಿಧಾನಕ್ಕೆ ಹಿಂದೆ ಸರಿಯುತ್ತದೆ, ಗೊತ್ತಿಲ್ಲದ್ದು ಕೊನೆಗೆ ಬಂದು ನಿಲ್ಲುತ್ತದೆ. ಇಲ್ಲಿ ಡಿಡ್ ಬೇಕಿಲ್ಲ ಅನ್ನುವುದನ್ನೂ ನೋಡಿ, ಕ್ರಿಯಾಪದವೇ ಎದ್ದು ಮುಂದೆ ಬರುತ್ತದೆ. ಈಗ ಮೂರನೇ ಪುಟದ 'ಇನ್‌ಟು ದ ರೂಮ್ ವಾಕ್ಡ್ ಹಿ' ಓದಿ. ಮುಗ್ಗರಿಸಿದಂತಾಯಿತು, ಅಲ್ವಾ? ಹಿ ಅಂದರೆ ನಮಗೆ ಮೊದಲಿಂದಲೂ ಗೊತ್ತಿರುವ ಅದೇ ಮನುಷ್ಯ. ಹೊಸಬರಿಗೆ ಕಾದಿಟ್ಟ ಕುರ್ಚಿಯಲ್ಲಿ ಹಳಬನನ್ನು ಕೂರಿಸಿದ ಹಾಗೆ. ಅದಕ್ಕೇ ಇಂಗ್ಲಿಷಿನವರು 'ಡೌನ್ ಕೇಮ್ ದ ರೇನ್' ಅನ್ನುತ್ತಾರೆ, ಆದರೆ 'ಡೌನ್ ಇಟ್ ಕೇಮ್' ಅನ್ನುತ್ತಾರೆ. ಜಾಗ, ದಿಕ್ಕು ಹೇಳುವ ಪದದಿಂದ ಶುರುವಾಗುವ ಇಂಥ ವಾಕ್ಯಗಳಲ್ಲಿ ಸರ್ವನಾಮ ಬಂದ ಕೂಡಲೇ ಸಾಲು ನೆಟ್ಟಗಾಗುತ್ತದೆ. ನಾನೂ ಈ ನಿಯಮವನ್ನು ಬಾಯಿಪಾಠ ಮಾಡಿ ತುಂಬಾ ದಿನ ಒದ್ದಾಡಿದೆ, ಯಾರಾದರೂ ಕಾರಣ ಹೇಳಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು.

'ಹ್ಯಾಡ್ ಐ ನೋನ್' ಬಗ್ಗೆ ಒಂದೇ ಮಾತು. ಅದು ಇಫ್ ಬದಲಿಗೆ ಬರುವ ಗಂಭೀರ ರೂಪ. ಆರು ವರ್ಷದ ಮಗುವಿನ ಬಾಯಲ್ಲಿ ಹಾಕಿದರೆ ಮಗು ವಕೀಲರ ಹಾಗೆ ಮಾತಾಡುತ್ತದೆ.

23ರಲ್ಲಿ ಎರಡು ಉಳಿಸಿಕೊಳ್ಳಿ, ಮೊದಲ ಸಾಲು ಮತ್ತು ಬಾಗಿಲ ಹಿಂದಿನ ಮಗು. ಉಳಿದ 21 ಬಿಚ್ಚಿ, ನೆಟ್ಟಗೆ ಬರೆದು, ಜೋರಾಗಿ ಓದಿ ನೋಡಿ, ಆಮೇಲೆ ಮತ್ತೆ ಕಳಿಸಿ. ಇನ್ನೊಂದು, ಆ ಮಗು ಕಾಣಿಸಿದ ಮುಂದಿನ ಸಾಲಿನಲ್ಲೇ ಅದರ ಹೆಸರು ಹೇಳಿಬಿಟ್ಟಿದ್ದೀರಿ. ಒಂದು ಪುಟ ತಡೆಯಿರಿ.