ಬಿಲ್ ಏರಿದೆ, ಬೇಡಿಕೆ ಏರಿದೆಯೇ?

ಪ್ರಶ್ನೆ: ನಮ್ಮದು ಬೆಲ್ಲದ ಪುಡಿ ಪ್ಯಾಕ್ ಮಾಡಿ ಮಾರುವ ಸಣ್ಣ ಘಟಕ. 2023–24ರಲ್ಲಿ ಮಾರಾಟ ಕುಗ್ಗಿತ್ತು, 2024–25ರಲ್ಲಿ ಚೆನ್ನಾಗಿ ಏರಿತು. ಇದನ್ನು ನಂಬಿ, ಸಾಲ ಮಾಡಿ ಎರಡನೇ ಪ್ಯಾಕಿಂಗ್ ಯಂತ್ರ ತರಬಹುದೇ?

ಉತ್ತರ: ಈಗಲೇ ಬೇಡ. ಮೊದಲು ಪಂಚಾಂಗ ತೆಗೆದು ನೋಡಿ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ. ಅಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ 2023–24ರ ಲೆಕ್ಕದ ವರ್ಷದಲ್ಲಿ ಯುಗಾದಿಯೇ ಇಲ್ಲ, 2024–25ರಲ್ಲಿ ಎರಡು ಇವೆ! ಡೀಲರ್‌ಗೆ ಸರಕು ಹಬ್ಬಕ್ಕೆ ಮೊದಲೇ ಹೋಗುವುದರಿಂದ 2024ರ ಹಬ್ಬದ ಒಂದು ಪಾಲು ಮಾರ್ಚ್ ಬಿಲ್ಲಿಗೂ ಬಿದ್ದಿರುತ್ತದೆ. ಹಾಗಾಗಿ ವರ್ಷಕ್ಕೆ ವರ್ಷ ಹೋಲಿಸಬೇಡಿ. ಪ್ರತಿ ಯುಗಾದಿಯ ಹಿಂದಿನ 4 ವಾರ, ನಂತರದ 1 ವಾರವನ್ನು ಬೇರೆ ತೆಗೆದು ಹಬ್ಬಕ್ಕೆ ಹಬ್ಬ ಹೋಲಿಸಿ. ಉಳಿದ ವಾರಗಳ ಲೆಕ್ಕ ಬೇರೆಯೇ ಇರಲಿ. ಯಂತ್ರದ ಸಾಲದ ಕಂತು ಕಟ್ಟಬೇಕಾದದ್ದು ಆ ಉಳಿದ ವಾರಗಳ ದುಡಿಮೆಯಿಂದ.

ಇನ್ನೊಂದು ಮುಖ್ಯ ವಿಷಯ. ನೀವು ಮಾರಾಟ ಎನ್ನುತ್ತಿರುವುದು ಡೀಲರ್‌ಗೆ ಹಾಕಿದ ಬಿಲ್. ಗಿರಾಕಿ ಕೊಂಡದ್ದು ಎಷ್ಟು ಎಂದು ಅದು ಹೇಳುವುದಿಲ್ಲ. ಮಾರ್ಚ್ ಕೊನೆಯಲ್ಲಿ ಟಾರ್ಗೆಟ್ ಮುಟ್ಟಿಸಲು ಸೇಲ್ಸ್‌ನವರು ಗೋದಾಮು ತುಂಬಿಸುವುದು, ‘10ಕ್ಕೆ 1 ಉಚಿತ’ ಸ್ಕೀಮ್ ಇದ್ದಾಗ ಡೀಲರ್ ಎರಡು ತಿಂಗಳ ಸರಕು ಒಟ್ಟಿಗೆ ಎತ್ತುವುದು ಎಲ್ಲ ಕಡೆ ನಡೆಯುತ್ತದೆ. ಪ್ರತಿ ತಿಂಗಳು ಡೀಲರ್ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸಿ. ತಿಂಗಳ ಮೊದಲು 40 ಪೆಟ್ಟಿಗೆ ಇತ್ತು, ನೀವು 100 ಕಳಿಸಿದಿರಿ, ಕೊನೆಗೆ 90 ಉಳಿದಿದೆ ಎನ್ನೋಣ. ಅಂಗಡಿಗಳಿಗೆ ಹೋದದ್ದು 50 ಮಾತ್ರ. ಪುಡಿ ಗಟ್ಟಿಕಟ್ಟಿ ವಾಪಸ್ ಬಂದ ಪ್ಯಾಕೆಟ್‌ಗಳನ್ನು ಅದರಲ್ಲೂ ಕಳೆಯಿರಿ.

ಇದಕ್ಕೆ ತದ್ವಿರುದ್ಧ ತಪ್ಪೂ ಉಂಟು. ಅಂಗಡಿಯಲ್ಲಿ ವಾರಕ್ಕೆ 6 ಪ್ಯಾಕೆಟ್ ಹೋಯಿತು ಎಂದು ಬರೆದುಕೊಳ್ಳುತ್ತೀರಿ. ಆದರೆ ಸರಕು 4ನೇ ದಿನಕ್ಕೇ ಮುಗಿದಿದ್ದರೆ ದಿನಕ್ಕೆ ಒಂದೂವರೆಯಂತೆ ವಾರದ ಬೇಡಿಕೆ ಸುಮಾರು 10. ಸರಕು ಖಾಲಿಯಾದ ತಾರೀಖು ಬರೆಯದಿದ್ದರೆ ಈ ಬೇಡಿಕೆ ಯಾವ ಲೆಕ್ಕಕ್ಕೂ ಸಿಗದು. ದೊಡ್ಡವು, ಸಣ್ಣವು, ಹಳ್ಳಿಯವು ಸೇರಿಸಿ 20 ಅಂಗಡಿ ಆರಿಸಿ, ಹಬ್ಬವಿಲ್ಲದ 12 ವಾರ ಪ್ರತಿ ಶನಿವಾರ ಇದನ್ನು ಬರೆಸಿ. ಚೆನ್ನಾಗಿ ಮಾರುವ ಅಂಗಡಿಗಳನ್ನೇ ಆರಿಸಿದರೆ ಪಟ್ಟ ಶ್ರಮ ವ್ಯರ್ಥ.

ಅಲ್ಲಿಯವರೆಗೆ ಈಗಿನ ಯಂತ್ರವನ್ನೇ ಎರಡು ಪಾಳಿ ಓಡಿಸಿ. ಹಬ್ಬವಿಲ್ಲದ ವಾರಗಳಲ್ಲೂ ಅಂಗಡಿಗಳ ಬೇಡಿಕೆ ಎರಡು ಪಾಳಿಯನ್ನು ಮೀರಿದರೆ ಆಗ ಬ್ಯಾಂಕಿಗೆ ಹೋಗಿ.

ಪ್ರಶ್ನೆ: ಬೆಲ್ಲ ಖರೀದಿಗೆ ಯಾವ ದರ ಹಿಡಿದು ಲೆಕ್ಕ ಹಾಕಬೇಕು?

ಉತ್ತರ: ರಾಜ್ಯದ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ಎಪಿಎಂಸಿವಾರು ಆವಕ (ಮಾರುಕಟ್ಟೆಗೆ ಬಂದ ಸರಕು) ಮತ್ತು ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಸರಕು ಮಾರಾಟವಾದ) ದರಗಳು ಉಚಿತವಾಗಿ ಸಿಗುತ್ತವೆ. ಗರಿಷ್ಠ ದರ ಒಂದೇ ಲಾಟಿನದ್ದೂ ಆಗಿರಬಹುದು, ಮಾದರಿ ದರವನ್ನೇ ಹಿಡಿಯಿರಿ. ಅಚ್ಚು ಬೆಲ್ಲದ ದರವನ್ನು ಬಕೆಟ್ ಬೆಲ್ಲದ ದರದೊಂದಿಗೆ ಬೆರೆಸಬೇಡಿ. ಆವಕ ತೀರಾ ಕಡಿಮೆಯಿದ್ದ ದಿನದ ದರವನ್ನು ಬಿಟ್ಟುಬಿಡಿ.